1950ರ ನಾಯಕಿಯರ ಪಟ್ಟಿ: ನಾನು ಅಳೆದದ್ದು ಹೇಗೆ

ಒಂದು ವರ್ಷದ ಅತ್ಯುತ್ತಮ ನಾಯಕಿ ಅಭಿನಯಗಳನ್ನು ಕ್ರಮವಾಗಿ ಪಟ್ಟಿ ಮಾಡಬೇಕೆನಿಸಿದಾಗ ನಾನು 1950ನ್ನು ಆರಿಸಿಕೊಂಡೆ. ಆ ವರ್ಷದ ತೀರ್ಪುಗಾರರಲ್ಲೇ ಒಮ್ಮತವಿರಲಿಲ್ಲ. ‘ಬಾರ್ನ್ ಯೆಸ್ಟರ್‌ಡೇ’ ಚಿತ್ರಕ್ಕಾಗಿ ಜೂಡಿ ಹಾಲಿಡೇ ಆಸ್ಕರ್ ಪಡೆದರು. ನ್ಯೂಯಾರ್ಕಿನ ವಿಮರ್ಶಕರ ಕೂಟ ‘ಆಲ್ ಅಬೌಟ್ ಈವ್’ ಚಿತ್ರದ ಬೆಟ್ಟಿ ಡೇವಿಸ್ ಅವರನ್ನು ಆರಿಸಿತು. ಅಮೆರಿಕದ ಚಿತ್ರಸಂಸ್ಥೆ ನ್ಯಾಷನಲ್ ಬೋರ್ಡ್ ಆಫ್ ರಿವ್ಯೂ ‘ಸನ್‌ಸೆಟ್ ಬುಲವಾರ್ಡ್’ ಚಿತ್ರದ ಗ್ಲೋರಿಯಾ ಸ್ವಾನ್ಸನ್ ಅವರನ್ನು ಗೌರವಿಸಿತು. ವೆನಿಸ್ ಚಿತ್ರೋತ್ಸವದ ಪ್ರಶಸ್ತಿ ‘ಕೇಜ್ಡ್’ ಚಿತ್ರದ ಎಲಿನರ್ ಪಾರ್ಕರ್ ಅವರಿಗೆ ಹೋಯಿತು. ಹೀಗೆ ನಾಲ್ಕು ತೀರ್ಪುಗಳಿರುವಾಗ ಸ್ವಂತ ಕಣ್ಣನ್ನೇ ನಂಬಬೇಕಾಗುತ್ತದೆ.

ಮೊದಲು ವರ್ಷದ ಲೆಕ್ಕ. ಚಿತ್ರ ತನ್ನ ದೇಶದಲ್ಲಿ ತೆರೆಕಂಡ ವರ್ಷವನ್ನೇ ಹಿಡಿದೆ. ಅಕಿರಾ ಕುರೊಸಾವಾ ಅವರ ‘ರಶೋಮೊನ್’ ಅಮೆರಿಕಕ್ಕೆ ಬಂದದ್ದು 1951ರ ಕೊನೆಗಾದರೂ ಜಪಾನಿನಲ್ಲಿ ಬಿಡುಗಡೆಯಾದದ್ದು 1950ರ ಆಗಸ್ಟ್‌ನಲ್ಲಿ. ಹಾಗಾಗಿ ಅದರ ನಾಯಕಿ ಮಾಚಿಕೊ ಕ್ಯೊ ಪಟ್ಟಿಗೆ ಬಂದರು. ಯಾರು ನಾಯಕಿ, ಯಾರು ಪೋಷಕ ನಟಿ ಎಂಬುದಕ್ಕೆ ಆ ಪಾತ್ರದ ತೀರ್ಮಾನಗಳಿಂದ ಕಥೆ ಮುಂದೆ ಸಾಗುತ್ತದೆಯೇ ಎಂದು ನೋಡಿದೆ. ‘ಆಲ್ ಅಬೌಟ್ ಈವ್’ನಲ್ಲಿ ಆನ್ ಬ್ಯಾಕ್ಸ್‌ಟರ್ ಮಾಡಿದ ಈವ್ ಪಾತ್ರ ಈ ಅಳತೆಯಲ್ಲಿ ನಾಯಕಿಯೇ. ಅವರೂ ಡೇವಿಸ್ ಅವರೂ ಒಂದೇ ವಿಭಾಗದಲ್ಲಿ ಸ್ಪರ್ಧಿಸಿದ್ದರಿಂದ ಮತ ಹಂಚಿಹೋಯಿತೆಂಬ ಮಾತು ಇಂದಿಗೂ ಇದೆ. ನನ್ನ ಕೆಲಸಕ್ಕೆ ಅದು ಬೇಕಿರಲಿಲ್ಲ.

ಪಾತ್ರದ ಬಲವನ್ನೂ ನಟಿಯ ಬಲವನ್ನೂ ಬೇರ್ಪಡಿಸುವುದೇ ನಿಜವಾದ ಕಷ್ಟ. ಒಳ್ಳೆಯ ಸಂಭಾಷಣೆ ಕೊಟ್ಟರೆ ಸಾಧಾರಣ ನಟಿಯೂ ಮಿಂಚುತ್ತಾಳೆ. ಅದಕ್ಕಾಗಿ ಪ್ರತಿ ಚಿತ್ರವನ್ನೂ ಮೊದಲು ಕಥೆಗಾಗಿ ನೋಡಿದೆ. ಮತ್ತೆ ನೋಡುವಾಗ, ಬೇರೆಯವರು ಮಾತನಾಡುತ್ತಿದ್ದಾಗಲೂ, ನಾಯಕಿಯ ಮೇಲಿನಿಂದ ಕಣ್ಣು ತೆಗೆಯಲಿಲ್ಲ. ಕೊನೆಗೆ ಮುಖ್ಯ ದೃಶ್ಯಗಳನ್ನು ಧ್ವನಿ ಅಡಗಿಸಿ ಒಮ್ಮೆ, ಕಣ್ಣು ಮುಚ್ಚಿ ಕೇಳುತ್ತಾ ಒಮ್ಮೆ ಪರೀಕ್ಷಿಸಿದೆ.

ಧ್ವನಿ ಅಡಗಿಸಿದಾಗ ಸ್ವಾನ್ಸನ್ ಗೆಲ್ಲುತ್ತಾರೆ ಎಂಬುದು ನಿರೀಕ್ಷಿತವೇ. ಅವರು ಮೂಕಿ ಚಿತ್ರಗಳ ತಾರೆ. ಬೆರಳುಗಳನ್ನು ಹಕ್ಕಿಯ ಪಂಜದಂತೆ ಮಡಿಸುವುದು, ಗಲ್ಲವೆತ್ತಿ ಕಣ್ಣರಳಿಸುವುದು, ಚಾಪ್ಲಿನ್‌ನ ಅನುಕರಣೆ, ಎಲ್ಲದರಲ್ಲೂ ಹಳೆಯ ಶೈಲಿಯ ಪೂರ್ಣ ಹಿಡಿತವಿದೆ. ಅವರು ತಮ್ಮನ್ನೇ ಅಭಿನಯಿಸಿದರು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಅವರ ಪಾತ್ರ, ಜನ ಮರೆತ ಮೂಕಿ ತಾರೆ ನಾರ್ಮಾ ಡೆಸ್ಮಂಡ್, ಬಂಗಲೆಯೊಳಗೆ ಕೊಳೆಯುತ್ತಾಳೆ. ಸ್ವಾನ್ಸನ್ ಅವರಾದರೋ 1948ರಲ್ಲಿಯೇ ಟೆಲಿವಿಷನ್ ಕಾರ್ಯಕ್ರಮ ನಡೆಸಿದ್ದರು. ಆದರೆ ನಾರ್ಮಾ ಮೊದಲ ದೃಶ್ಯದಿಂದಲೇ ಏರುಸ್ಥಾಯಿಯಲ್ಲಿರುವುದರಿಂದ ಇಳಿದು ಬರಲು ನಟಿಗೆ ಹೆಚ್ಚು ಎಡೆಯಿಲ್ಲ.

ನನ್ನನ್ನು ಬೆರಗುಗೊಳಿಸಿದ್ದು ಹಾಲಿಡೇ. ಅವರ ಕೀರಲು ಧ್ವನಿಯೇ ಎಲ್ಲ ಎಂದುಕೊಂಡಿದ್ದವರು ಇಸ್ಪೀಟು ಆಡುವ ದೃಶ್ಯವನ್ನು ಧ್ವನಿಯಿಲ್ಲದೆ ನೋಡಬೇಕು. ಎಲೆಗಳನ್ನು ಜೋಡಿಸಿಕೊಳ್ಳುವ ಆ ಚುರುಕಿನಲ್ಲೇ ಅವರ ಪಾತ್ರ ಬಿಲ್ಲಿ ಡಾನ್ ದಡ್ಡಿಯಲ್ಲ ಎಂಬುದು ಸಾಬೀತಾಗುತ್ತದೆ, ಅದೂ ಕಥೆ ಹಾಗೆಂದು ಹೇಳುವುದಕ್ಕಿಂತ ಬಹಳ ಮೊದಲೇ. ಹಾಸ್ಯವೆಂಬ ಕಾರಣಕ್ಕೆ ಇಂಥ ಅಭಿನಯವನ್ನು ಗಂಭೀರ ಪಾತ್ರಗಳಿಗಿಂತ ಕೆಳಗಿಡುವುದು ಅನ್ಯಾಯ.

ಮಾಚಿಕೊ ಕ್ಯೊ ಅವರ ಸವಾಲೇ ಬೇರೆ. ‘ರಶೋಮೊನ್’ನಲ್ಲಿ ಒಂದೇ ಘಟನೆಯನ್ನು ನಾಲ್ವರು ಹೇಳುತ್ತಾರೆ. ಒಬ್ಬಳೇ ಹೆಂಗಸು, ಹೇಳುವವರಿಗೆ ತಕ್ಕಂತೆ ನಾಲ್ಕು ಬಗೆ. ಡಕಾಯಿತನ ಮಾತಿನಲ್ಲಿ ಕೆರಳಿದವಳು, ತನ್ನ ಮಾತಿನಲ್ಲಿ ಗಂಡನ ತಿರಸ್ಕಾರದ ನೋಟಕ್ಕೆ ಕುಸಿದವಳು, ಗಂಡನ ಪ್ರೇತದ ಮಾತಿನಲ್ಲಿ ದ್ರೋಹಿ, ಸೌದೆ ಕಡಿಯುವವನ ಮಾತಿನಲ್ಲಿ ಇಬ್ಬರು ಗಂಡಸರನ್ನೂ ಹಂಗಿಸಿ ನಗುವವಳು. ನಾಲ್ಕನ್ನೂ ನಂಬಿಸುತ್ತಾರೆ; ಇವುಗಳಲ್ಲಿ ನಿಜ ಯಾವುದೆಂಬ ಸುಳಿವನ್ನು ಮಾತ್ರ ಮುಖದಲ್ಲಿ ಎಲ್ಲಿಯೂ ಬಿಟ್ಟುಕೊಡುವುದಿಲ್ಲ.

ಆದರೂ ಮೊದಲ ಸ್ಥಾನ ಡೇವಿಸ್ ಅವರಿಗೆ. ಅವರ ಪಾತ್ರ ಮಾರ್ಗೊ ಚ್ಯಾನಿಂಗ್ ದೊಡ್ಡ ರಂಗನಟಿ, ಆದರೆ ಅವಳು ರಂಗದ ಮೇಲೆ ಅಭಿನಯಿಸುವುದನ್ನು ಚಿತ್ರ ನಮಗೆ ತೋರಿಸುವುದೇ ಇಲ್ಲ. ಹಾಗಿದ್ದೂ ಅವಳ ಪ್ರತಿಭೆಯನ್ನು ನಾವು ಅನುಮಾನಿಸುವುದಿಲ್ಲ, ಏಕೆಂದರೆ ಪಾರ್ಟಿಯಲ್ಲಿ, ಜಗಳದಲ್ಲಿ, ಮೆಟ್ಟಿಲಿನಲ್ಲಿ ಅವಳು ನಟಿಸುತ್ತಲೇ ಇರುತ್ತಾಳೆ. ಪೆಟ್ರೋಲ್ ಮುಗಿದು ನಿಂತ ಕಾರಿನಲ್ಲಿ ಗೆಳತಿಯೊಡನೆ ಕುಳಿತಾಗ ಆ ನಟನೆ ಕಳಚಿಬೀಳುತ್ತದೆ. ಅವಳ ಒಡಕು ದನಿ ತಗ್ಗುತ್ತದೆ, ಮಾತಿನ ಓಟ ನಿಧಾನವಾಗುತ್ತದೆ. ನಟಿಸುವ ಹೆಣ್ಣಿಗೂ ನಟಿಸದ ಹೆಣ್ಣಿಗೂ ನಡುವಿನ ಗೆರೆಯನ್ನು ಕಣ್ಣು ಮುಚ್ಚಿದರೂ ಗುರುತಿಸಬಹುದು. ಈ ಪಾತ್ರ ಮೊದಲು ಕ್ಲೌಡೆಟ್ ಕೋಲ್ಬರ್ಟ್ ಅವರದಾಗಿತ್ತು. ಅವರ ಬೆನ್ನಿಗೆ ಪೆಟ್ಟಾದ್ದರಿಂದ ಡೇವಿಸ್‌ಗೆ ಬಂತು.

ಡೇವಿಸ್, ಕ್ಯೊ, ಹಾಲಿಡೇ, ಸ್ವಾನ್ಸನ್: ಇದು ನನ್ನ ಕ್ರಮ. ಐದನೆಯ ಸ್ಥಾನಕ್ಕೆ ಪಾರ್ಕರ್ ಮತ್ತು ‘ಜೋಗನ್’ ಚಿತ್ರದ ನರ್ಗಿಸ್ ನಡುವೆ ಬಹಳ ತೂಗಿ ನೋಡಿದೆ. ಸೆರೆಮನೆಯಲ್ಲಿ ಮುಗ್ಧೆಯೊಬ್ಬಳು ಕಲ್ಲಾಗುವುದನ್ನು ಪಾರ್ಕರ್ ಹಂತಹಂತವಾಗಿ ತೋರಿಸುತ್ತಾರೆ. ಅದು ಗಟ್ಟಿ ಕೆಲಸ, ಆದರೆ ಬೋಳಿಸಿದ ತಲೆಯಂಥ ಹೊರಗಿನ ನೆರವು ಅವರಿಗಿದೆ. ನರ್ಗಿಸ್‌ಗೆ ಇದ್ದದ್ದು ಸನ್ಯಾಸಿನಿಯ ಸೆರಗು ಮತ್ತು ಗೀತಾ ರಾಯ್ ಹಾಡಿದ ಭಜನೆಗಳು. ಎದುರಿಗೆ ದಿಲೀಪ್ ಕುಮಾರ್ ಪ್ರಶ್ನೆ ಕೇಳುವಾಗ ಉತ್ತರ ಹೇಳುವ ಮುಂಚಿನ ತಡವರಿಕೆಯಲ್ಲೇ ಅವರು ವೈರಾಗ್ಯವನ್ನೂ ಆಸೆಯನ್ನೂ ಒಟ್ಟಿಗೆ ಕಾಣಿಸುತ್ತಾರೆ. ಐದನೆಯ ಸ್ಥಾನವನ್ನು ಅವರಿಗೇ ಕೊಟ್ಟಿದ್ದೇನೆ.