ಉಪ್ಪುನೀರಿನ ಟ್ಯಾಂಕಿನ ಹಸಿರು ಕೂದಲು ಪಾಚಿ ಹೋದದ್ದು ಹೀಗೆ

ಟ್ಯಾಂಕ್ 60 ಲೀಟರಿನದು. ಕಲ್ಲುಗಳ ಮೇಲೆಲ್ಲ ಬೆರಳುದ್ದದ ಹಸಿರು ಪಾಚಿ, ಕಿತ್ತರೂ ವಾರದೊಳಗೆ ಮತ್ತೆ ಅಷ್ಟೇ. ಪಾಚಿಗೆ ಗೊಬ್ಬರವಾಗುವ ನೈಟ್ರೇಟ್ 10 ಪಿಪಿಎಂ, ಫಾಸ್ಫೇಟ್ 0.25.

ಕೆಲವು ದಿನ ಲೈಟ್ ಪೂರ್ತಿ ಆರಿಸಿದರೆ ಪಾಚಿ ಬಿಳಚಿಕೊಂಡಿತು, ಲೈಟ್ ಹಾಕಿದ ಮೇಲೆ ಮತ್ತೆ ಚಿಗುರಿತು. ಬಸವನಹುಳು ಎಳೆ ಪಾಚಿಯನ್ನಷ್ಟೇ ತಿಂದವು. ಪಾಚಿನಾಶಕದ ಗೊಡವೆಗೆ ಹೋಗಬೇಡಿ. ಅದರಲ್ಲಿ ತಾಮ್ರವಿದ್ದರೆ ಸೀಗಡಿ, ಬಸವನಹುಳು ಎಲ್ಲ ಸಾಯುತ್ತವೆ.

ಮೂಲ ಇದ್ದದ್ದು ಟ್ಯಾಂಕಿಗೆ ಹಾಕುತ್ತಿದ್ದ ನೀರಿನಲ್ಲಿ. ಮನೆಯ ಎಷ್ಟೋ ಆರ್‌ಓ ಯಂತ್ರಗಳಲ್ಲಿ ರುಚಿಗೆಂದು ಒಂದಿಷ್ಟು ನಲ್ಲಿ ನೀರು ಬೆರೆಸುವ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಾಂಶ) ತಿರುಪು ಇರುತ್ತದೆ. ಕುಡಿಯಲು ಸರಿ, ಟ್ಯಾಂಕಿಗೆ ಆಗದು. ಟಿಡಿಎಸ್ ಮೀಟರ್ 70 ತೋರಿಸಿತು. ಆ ತಿರುಪಿಗಿಂತ ಮುಂಚೆ, ಮೆಂಬ್ರೇನಿನಿಂದ ನೇರ ಬರುವ ಪೈಪಿಗೆ ಟೀ ಕನೆಕ್ಟರ್ ಹಾಕಿ, ಉಳಿದ ಲವಣವನ್ನೂ ಹಿಡಿದಿಡುವ ಡಿಐ ರೆಸಿನ್ ಮೂಲಕ ನೀರು ಹಾಯಿಸಿದೆ. ಮೀಟರ್ 0ಗೆ ಬಂತು.

ಆಮೇಲೆ ಕಲ್ಲನ್ನು ಹೊರತೆಗೆದು, ಟ್ಯಾಂಕಿನದೇ ನೀರಿದ್ದ ಬಕೆಟ್ಟಿನಲ್ಲಿ ಹಲ್ಲುಜ್ಜುವ ಬ್ರಶ್‌ನಿಂದ ತಿಕ್ಕಿ, ಆ ನೀರು ಚೆಲ್ಲಿದೆ. ಟ್ಯಾಂಕಿನೊಳಗೇ ತಿಕ್ಕಿದರೆ ಚೂರುಗಳು ಮೂಲೆಮೂಲೆಗೂ ಹರಡುತ್ತವೆ. ವಾರಕ್ಕೊಮ್ಮೆ 10 ಲೀಟರ್ ಬದಲಾವಣೆ: ಉಪ್ಪು ಬೆರೆಸಿದ ಹೊಸ ನೀರಿನ ಸಾಪೇಕ್ಷ ಸಾಂದ್ರತೆ 1.025, ತಾಪ 26 ಡಿಗ್ರಿ. ಆವಿಯಾದದ್ದಕ್ಕೆ ಉಪ್ಪಿಲ್ಲದ ಅದೇ ಶುದ್ಧ ನೀರು. ಲೈಟ್ ದಿನಕ್ಕೆ 7 ಗಂಟೆ, ನೀಲಿ 60%, ಬಿಳಿ 15%.

ಫಾಸ್ಫೇಟ್ ಹೀರುವ ಕಬ್ಬಿಣದ ಆಕ್ಸೈಡ್ ಹರಳುಗಳಾದ ಜಿಎಫ್‌ಓವನ್ನು ಕೆಂಪು ಬಿಡುವುದು ನಿಲ್ಲುವವರೆಗೆ ತೊಳೆದು, ಪೊಟ್ಟಣದಲ್ಲಿ ಹೇಳಿದ್ದರ ಅರ್ಧದಷ್ಟು ಮಾತ್ರ ಜಾಳಿಗೆ ಚೀಲದಲ್ಲಿ ಫಿಲ್ಟರಿಗೆ ಇಟ್ಟೆ. ಫಾಸ್ಫೇಟ್ ದಿಢೀರನೆ ಇಳಿದರೆ ಹವಳ ಸೊರಗುತ್ತದೆ. ಕಲ್ಲು ಹೀರಿಕೊಂಡಿದ್ದ ಫಾಸ್ಫೇಟ್ ಹೊರಬರುತ್ತಲೇ ಇರುವುದರಿಂದ ರೀಡಿಂಗ್ ನಿಧಾನವಾಗಿಯೇ ಇಳಿಯುತ್ತದೆ, ಅವಸರಪಟ್ಟು ಪ್ರಮಾಣ ಹೆಚ್ಚಿಸಬೇಡಿ. 0.05 ತಲುಪಿದಾಗ ಚೀಲ ತೆಗೆದೆ. ಸೊನ್ನೆಗೆ ಇಳಿಸಿದರೆ ಕಂದು ಲೋಳೆಯಂತೆ ಹರಡುವ ಡೈನೋ ಎಂಬ ಸೂಕ್ಷ್ಮಜೀವಿ ಬರಬಹುದು.