ಹಲ್ಲಿನ ಚೀಟಿಯ ಎರಡಂಕಿ ಓದುವ ಬಗೆ

ಸಕಲೇಶಪುರ, ಬೇಲೂರು ಕಡೆಯಿಂದ ಹಾಸನಕ್ಕೆ ಹಲ್ಲು ತೋರಿಸಲು ಹೋಗುವವರು ಗಮನಿಸಿ: ಚೀಟಿಯಲ್ಲಿ ‘36 ಆರ್‌ಸಿಟಿ’ ಎಂದಿದ್ದರೆ ಅದನ್ನು ಮೂವತ್ತಾರು ಎಂದು ಓದಬೇಡಿ, ಮೂರು–ಆರು ಎಂದು ಓದಿ. ಮೊದಲ ಅಂಕಿ ಬಾಯಿಯ ಭಾಗ: 1 ನಿಮ್ಮ ಬಲ ಮೇಲ್ದವಡೆ, 2 ಎಡ ಮೇಲ್ದವಡೆ, 3 ಎಡ ಕೆಳದವಡೆ, 4 ಬಲ ಕೆಳದವಡೆ. ಎರಡನೆಯದು ಮುಂದಿನ ನಡುಗೆರೆಯಿಂದ ಹಿಂದಕ್ಕೆ ಎಣಿಸಿದ ಸ್ಥಾನ. ಹಾಗಾಗಿ 36 ಎಂದರೆ ಎಡ ಕೆಳಗಿನ ಮೊದಲ ದೊಡ್ಡ ದವಡೆ ಹಲ್ಲು, ಆರ್‌ಸಿಟಿ ಎಂದರೆ ಅದಕ್ಕೆ ಬೇರುನಾಳ ಚಿಕಿತ್ಸೆ (ರೂಟ್ ಕೆನಾಲ್). ಹಾಲುಹಲ್ಲುಗಳಾದರೆ ಮೊದಲ ಅಂಕಿ ಇದೇ ಕ್ರಮದಲ್ಲಿ 5ರಿಂದ 8. ಮಕ್ಕಳ ಚೀಟಿಯಲ್ಲಿ ಇದನ್ನು ತಪ್ಪದೆ ನೋಡಿ. 75 ಬಿದ್ದುಹೋಗುವ ಹಾಲುಹಲ್ಲು. ಅದರ ಬೆನ್ನಿಗೇ ಆರರ ವಯಸ್ಸಿನ ಸುಮಾರಿಗೆ ಮೂಡುವ 36 ಮಾತ್ರ ಶಾಶ್ವತ ಹಲ್ಲು. ಹೇಗೂ ಬೀಳುತ್ತದೆ ಎಂದು 36ರ ಹುಳುಕನ್ನು ದಯವಿಟ್ಟು ಕಡೆಗಣಿಸಬೇಡಿ. ಎಕ್ಸ್‌ರೇ ಫಿಲ್ಮಿನಲ್ಲಿ ಎಡ–ಬಲ ಅದಲುಬದಲು: ನಿಮ್ಮ ಎಡದವಡೆ ನೋಡುವವರ ಬಲಕ್ಕೆ ಕಾಣುತ್ತದೆ. ಹಲ್ಲು ಕೀಳಿಸಿಕೊಂಡಿದ್ದರೆ ಆ ಖಾಲಿ ಜಾಗವನ್ನೂ ಸೇರಿಸಿ ಎಣಿಸಬೇಕು. ಕ್ಲಿಪ್ ಹಾಕಿಸಿಕೊಂಡವರಲ್ಲಿ ಜಾಗ ಮುಚ್ಚಿಹೋಗಿರುತ್ತದಾದ್ದರಿಂದ ಎಣಿಕೆ ತಪ್ಪಬಹುದು. ಅಮೆರಿಕದಲ್ಲಿರುವ ಮಗನೋ ಮಗಳೋ ಅಲ್ಲಿ ಮಾಡಿಸಿದ ವರದಿಗೆ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಶಾಶ್ವತ ಹಲ್ಲುಗಳಿಗೆ 1ರಿಂದ 32ರವರೆಗೆ ಸಾಲು ಸಂಖ್ಯೆ. ಅಲ್ಲಿನ 14 ಎಡ ಮೇಲಿನ ದೊಡ್ಡ ದವಡೆ ಹಲ್ಲಾದರೆ, ನಮ್ಮ 14 ಬಲ ಮೇಲಿನ ಸಣ್ಣ ದವಡೆ ಹಲ್ಲು. ಕೀಳಿಸುವ ಮಾತಿದ್ದರೆ ಕುರ್ಚಿಯಲ್ಲಿ ಕುಳಿತಾಗಲೇ ಆ ಹಲ್ಲನ್ನು ಬೆರಳಿಟ್ಟು ತೋರಿಸಿ, ವೈದ್ಯರಿಂದ ಖಚಿತಪಡಿಸಿಕೊಳ್ಳಿ.