ಊರು ಬದಲಿಸುವ ಮುನ್ನ ತುಮಕೂರಿನಲ್ಲಿ ಮೂರು ರಾತ್ರಿ

ನೆಲೆಸಬೇಕೆಂದಿರುವ ಊರನ್ನು ನೋಡಲು ಶನಿವಾರ ಕಾರಿನಲ್ಲಿ ಹೋಗಿ ಭಾನುವಾರ ಮರಳಬೇಡಿ. ಶುಕ್ರವಾರ ಸಂಜೆ ಕೆಲಸ ಬಿಟ್ಟವರ ಜೊತೆ ರೈಲು ಹತ್ತಿ, ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೊರಟವರ ಜೊತೆ ಹಿಂದಿರುಗಿ. ನಮ್ಮ ಯಜಮಾನರ ಕೆಲಸ ಯಶವಂತಪುರದಲ್ಲಿ. ಬೆಂಗಳೂರಿಗೂ ತುಮಕೂರಿಗೂ ಸುಮಾರು 70 ಕಿಲೋಮೀಟರ್ ಎಂಬುದು ಎಲ್ಲರಿಗೂ ಗೊತ್ತು. ಆ ದೂರವನ್ನು ದಿನಕ್ಕೆ ಎರಡು ಸಲ ಅವರ ಸೊಂಟ ತಾಳುತ್ತದೆಯೇ ಎಂಬುದು ನಮಗೆ ತಿಳಿಯಬೇಕಿತ್ತು. ತುಮಕೂರಿನ ಅಂಚಿನ ಕ್ಯಾತ್ಸಂದ್ರದ ಕಡೆ ಮನೆ ಹುಡುಕುವವರಿಗೆ ಇನ್ನೊಂದು ಮಾತು: ಅಲ್ಲಿಯೂ ನಿಲ್ದಾಣವಿದೆ, ಆದರೆ ಎಲ್ಲ ಗಾಡಿಗಳೂ ನಿಲ್ಲುವುದಿಲ್ಲ. ನಿಮ್ಮ ಹೊತ್ತಿನ ಗಾಡಿ ನಿಲ್ಲುತ್ತದೆಯೇ ಎಂದು ನೋಡಿಕೊಂಡು ಆಮೇಲೆ ಬಾಡಿಗೆ ಮಾತನಾಡಿ.

ಶನಿವಾರ ಬೆಳಿಗ್ಗೆ ಶಾಲೆಗೆ ಮೀಸಲು. ಮಗುವನ್ನು ಜೊತೆಗೇ ಕರೆದುಕೊಂಡು ಹೋಗಿ. ಶುಲ್ಕ ವಿಚಾರಿಸಿ ಬಂದರೆ ಸಾಲದು. ಶಾಲೆ ಬಿಡುವ ಹೊತ್ತಿಗೆ ಗೇಟಿನ ಬಳಿ ನಿಂತು ತಾಯಂದಿರನ್ನು ಮಾತಿಗೆಳೆಯಿರಿ.

ಇನ್ನು ನೀರು. ನನಗೆ ಎಲ್ಲಕ್ಕಿಂತ ದೊಡ್ಡ ವಿಷಯ ಇದೇ. ತುಮಕೂರು ನಗರ ನಂಬಿರುವುದು ಹೇಮಾವತಿಯನ್ನು. ನಾಲೆಯಲ್ಲಿ ಬಂದ ನೀರನ್ನು ಬುಗುಡನಹಳ್ಳಿ ಕೆರೆಯಲ್ಲಿ ತುಂಬಿಸಿಕೊಂಡು ಊರಿಗೆ ಬಿಡುತ್ತಾರೆ. ಮಳೆಗಾಲದಲ್ಲಿ ನೋಡಿದರೆ ಎಲ್ಲ ಮನೆಯೂ ಚೆನ್ನಾಗಿಯೇ ಕಾಣುತ್ತದೆ. ಹಾಗಾಗಿ ಏಪ್ರಿಲ್‌ನಲ್ಲಿ ಹೋಗಿ.

ನಾವು ನೋಡಿದ ಮೊದಲ ಮನೆಯ ಮಾಲೀಕರು, ‘ನೀರಿಗೆ ಏನೂ ತೊಂದರೆ ಇಲ್ಲ’ ಎಂದರು. ನಮ್ಮ ಅತ್ತೆ ತಲೆಯಾಡಿಸಿ, ಮಂಡಿ ನೋವೆಂದು ಹೇಳಿ ಪಕ್ಕದ ಮನೆಯ ಜಗುಲಿಯ ಮೇಲೆ ಕುಳಿತರು. ಅಲ್ಲಿ ಸಂಪಿನ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆಗಳಿದ್ದವು. ‘ಇದೇನಮ್ಮ?’ ಎಂದು ಆ ಮನೆಯಾಕೆಯನ್ನು ಕೇಳಿದರು.

‘ನೀರು ಬಾರದ ದಿನಕ್ಕೊಂದು ಗೆರೆ, ಅಜ್ಜಿ. ಬಂದ ದಿನ ಒರೆಸಿಬಿಡುತ್ತೇನೆ.’

ನಾನು ಎಣಿಸಿದೆ. ಒಂಬತ್ತು. ಕೊನೆಯ ಗೆರೆ ಆ ಬೆಳಗಿನದು, ಅದರ ಪುಡಿ ಇನ್ನೂ ಉದುರುತ್ತಿತ್ತು. ಒರೆಸಿ ಒರೆಸಿ ಗೋಡೆಯ ಅಷ್ಟು ಭಾಗ ಬೂದಿಬಣ್ಣಕ್ಕೆ ತಿರುಗಿತ್ತು.

ಆದ್ದರಿಂದ ‘ನೀರು ಬರುತ್ತದೆಯೇ’ ಎಂದು ಮಾಲೀಕರನ್ನು ಕೇಳಬೇಡಿ; ‘ಕಳೆದ ಸಲ ಯಾವತ್ತು ಬಂತು’ ಎಂದು ನೆರೆಯವರನ್ನು ಕೇಳಿ. ಸಂಪಿನ ಮುಚ್ಚಳ ತೆಗೆಸಿ, ಟೇಪು ಹಿಡಿದು ಅಳೆಯಿರಿ. ಉದ್ದ, ಅಗಲ, ಆಳಗಳನ್ನು ಅಡಿಗಳಲ್ಲಿ ಗುಣಿಸಿ, ಬಂದದ್ದನ್ನು 28ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. 6 ಅಡಿ ಉದ್ದ, 5 ಅಡಿ ಅಗಲ, 5 ಅಡಿ ಆಳದ ಸಂಪಿನಲ್ಲಿ 4,200 ಲೀಟರ್. ತಲೆಗೆ ದಿನಕ್ಕೆ 100 ಲೀಟರ್ ಎಂದುಕೊಂಡರೆ ನಾಲ್ವರಿಗೆ ಹತ್ತು ದಿನ. ಮೇಲಿನ ಮನೆಯವರೂ ಅದನ್ನೇ ಬಳಸುತ್ತಾರೆಂದಾದರೆ ಐದೇ ದಿನ. ಕೊಳವೆಬಾವಿ ಇದೆ ಎಂದು ನೆಮ್ಮದಿಯಿಂದ ಇರಬೇಡಿ. ಜಿಲ್ಲೆಯ ಹಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಇದೆ, ಕಾಯಿಸಿದರೆ ಅದು ಹೋಗುವುದಿಲ್ಲ. ಒಂದು ಬಾಟಲಿ ತುಂಬಿಸಿಕೊಂಡು ಬಂದು ಪರೀಕ್ಷೆ ಮಾಡಿಸಿ.

ಭಾನುವಾರ ಮಕ್ಕಳದು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು, ಸಿದ್ಧಗಂಗಾ ಮಠ ನೋಡಿಕೊಂಡು, ದೇವರಾಯನದುರ್ಗದ ಕಡೆ ಹೋಗಿ. ನಾಮ ಇಟ್ಟುಕೊಳ್ಳಲು ನೀರಿಲ್ಲದೆ ಶ್ರೀರಾಮ ಬಾಣ ಬಿಟ್ಟು ಬಂಡೆಯಿಂದ ನೀರು ಚಿಮ್ಮಿಸಿದನೆಂಬ ಕಥೆಯ ನಾಮದ ಚಿಲುಮೆ ದಾರಿಯಲ್ಲೇ ಸಿಗುತ್ತದೆ. ಮಗಳು ಆ ನೀರಿಗೆ ಕೈಯೊಡ್ಡಿ ಬಹಳ ಹೊತ್ತು ಕುಳಿತಿದ್ದಳು. ಬೆಂಗಳೂರಿನ ಗೆಳತಿಯರನ್ನು ಬಿಟ್ಟು ಬರಬೇಕಾದವಳು ಅವಳು. ಅವಳಿಗೂ ಆ ಊರಿನಲ್ಲಿ ತನ್ನದೆನ್ನುವ ಒಂದು ಜಾಗ ಬೇಕು.

ಮನೆ ಕೊಳ್ಳುವ ಮಾತನ್ನು ಈ ಸಲ ತೆಗೆಯಬೇಡಿ. ಒಂದು ಬೇಸಿಗೆಯನ್ನು ಬಾಡಿಗೆ ಮನೆಯಲ್ಲಿ ಕಳೆಯಿರಿ, ಇ-ಖಾತೆ, ಋಣಭಾರ ಪತ್ರಗಳಂಥ ಆಸ್ತಿ ದಾಖಲೆಗಳ ವಿಚಾರ ಆಮೇಲೆ.

ಸೋಮವಾರ ಬೆಳಿಗ್ಗೆ, ನೀವು ಮೆಚ್ಚಿದ ಮನೆಯ ಬಾಗಿಲಿನಿಂದಲೇ ಗಡಿಯಾರ ನೋಡಿಕೊಂಡು ಹೊರಡಿ. ರೈಲಿನ ಸಮಯವನ್ನಷ್ಟೇ ಲೆಕ್ಕ ಹಾಕಬೇಡಿ. ಆಟೊ, ಟಿಕೆಟ್ಟಿನ ಸಾಲು, ಇಳಿದ ಮೇಲಿನ ನಡಿಗೆ ಎಲ್ಲವನ್ನೂ ಸೇರಿಸಿ. ನಾವು ಎರಡನೆಯ ಮನೆಯಿಂದ ಹೊರಟು ಯಜಮಾನರ ಕಚೇರಿಯ ಬಾಗಿಲು ಮುಟ್ಟಿದಾಗ 2 ಗಂಟೆ 10 ನಿಮಿಷವಾಗಿತ್ತು. ಮೂರು ನಿಲ್ದಾಣ ನಿಂತು, ಆಮೇಲೆ ಸೀಟು ಸಿಕ್ಕಿತ್ತು. ‘ಆಗುತ್ತದೆ’ ಎಂದರು. ಮುಂಗಡ ಕೊಟ್ಟದ್ದು ಅಂದು ಸಂಜೆ.